ನಾಲ್ಕು ಹೊಡೀತಾರ ಅಂದ ಎದುರುಮನೆ ಕಾಕಾ

ಎದುರುಮನೆ ಕಾಕಾನ ಬಲಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಉಗುರಿದ್ದ ಜಾಗ ಹುಣಸೆಬೀಜದ ಹಾಗೆ ಕರ್ರಗೆ, ನುಣ್ಣಗೆ ಇತ್ತು. ಕೆಲವು ವರ್ಷ ಮೊದಲು ಮುಂಬಯಿಗೆ ಬಟ್ಟೆ ಗಿರಣಿಯ ಕೆಲಸಕ್ಕೆ ಹೋದಾಗ ಚಂಡು ಒದೆಯಲು ಹೋಗಿ ಕಲ್ಲು ಒದ್ದಿದ್ದರಂತೆ. ಅದನ್ನು ನಗುತ್ತಲೇ ಹೇಳುತ್ತಿದ್ದರು. ನನಗೆ ಮಾತ್ರ ಆ ಬೆರಳು ನೋಡಿದರೆ ಮೈ ಜುಮ್ ಅನ್ನುತ್ತಿತ್ತು.

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಓಣಿ. ಆಗಿನ್ನೂ ನಮ್ಮ ಕಡೆ ಮುಂಬಯಿ ಸರಕಾರ. ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಕಾಕಾನ ಹೆಂಡತಿ ತೀರಿದ್ದಳು, ಮಕ್ಕಳಿರಲಿಲ್ಲ. ಅವರ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ, ಕಂಡಿಕೆಗೆ, ನಾನೇ ನೂಲು ಸುತ್ತಿಕೊಡುತ್ತಿದ್ದೆ.

ಆ ವರ್ಷ ಜಮಖಂಡಿಯ ಬಯಲಿಗೆ ಮುಂಬಯಿಯ ಒಂದು ಗಿರಣಿಯ ಫುಟ್‌ಬಾಲ್ ತಂಡ ಬರುತ್ತದೆ, ನಮ್ಮ ಕಡೆಯ ಹುಡುಗರ ಜೊತೆ ಆಡುತ್ತದೆ ಎಂದು ಸುದ್ದಿಯಾಯಿತು. ಕಾಕಾ ಗಿರಣಿಯಲ್ಲಿದ್ದಾಗ ವಾರವಾರವೂ ಬೇಲಿ ಹಿಡಿದು ನಿಂತು ನೋಡಿದ ತಂಡವೇ ಅದು. ಕೇಳಿದ ದಿನದಿಂದ ಅವರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಗ್ಗದ ಕುಣಿಯೊಳಗೆ ಮೆಟ್ಟು ತುಳಿಯುವ ಕಾಲು ಚಂಡು ಒದೆಯುತ್ತಿತ್ತು, ಸೀರೆಯ ಅಂಚು ತಪ್ಪುತ್ತಿತ್ತು.

“ಆ ಆಟಗಾರರಿಗಿ ಗಿರಣಿ ಪಗಾರ ಕೊಡತೈತಿ ತಂಗಿ. ಹೆಸರಿಗಷ್ಟ ಕೂಲಿಕಾರರು. ಮಗ್ಗದ ಮಾರಿ ನೋಡೂದಿಲ್ಲ” ಎಂದರು ನನಗೆ.

ನಮ್ಮ ಅತ್ತೆ ಬೀಸುವ ಕಲ್ಲು ನಿಲ್ಲಿಸಿ ಬಂದಳು. “ಚಂಡು ಒದ್ದದ್ದಕ್ಕ ಪಗಾರ? ನಮ್ಮ ಎಮ್ಮಿನೂ ದಿನಾ ಒದೀತೈತಿ, ಅದಕ್ಕೂ ಕೊಡಸ್ರಿ ಹಂಗಾರ!”

ಅತ್ತೆ ನಕ್ಕಳು. ನಾನು ಬಾಯಿ ತೆರೆದವಳು ಮುಚ್ಚಲಿಲ್ಲ. ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ನೇಯುವವರನ್ನು ಕಂಡವಳು ನಾನು.

ಕಾಕಾ ಹನ್ನೊಂದು ಕೆಂಪು ಕಂಡಿಕೆ, ಹನ್ನೊಂದು ಬಿಳಿ ಕಂಡಿಕೆ ನೆಲದ ಮೇಲೆ ಜೋಡಿಸಿದರು. ಕೆಂಪು ಗಿರಣಿಯವರು, ಬಿಳಿ ನಮ್ಮವರು. ಓಣಿಯ ಗಂಡಸರೆಲ್ಲ ಸುತ್ತ ಕೂತರು. ಕಾಕಾ ಒಂದು ಕೆಂಪು ಕಂಡಿಕೆ ಮುಟ್ಟಿ ತೋರಿಸಿದರು.

“ಇಂವ ಎಡಗಡಿ ಗಿಡ್ಡ. ಚಂಡು ಕಾಲಿಗಿ ಸಿಕ್ರ ಗೆರಿಗುಂಟ ಓಡತಾನ, ನಡುವಿಗಿ ಬರೂದಿಲ್ಲ. ತುದಿಗಿ ಹೋಗಿ ಒಳಗ ಕೊಡತಾನ. ನಮ್ಮ ಹುಡುಗರು ಏನ ಮಾಡತಾರ? ಹನ್ನೊಂದೂ ಮಂದಿ ಚಂಡಿನ ಬೆನ್ನ ಹತ್ತತಾರ. ಗಿರಣಿಯವರು ಚಂಡು ಎಲ್ಲಿ ಬರತೈತಿ, ಅಲ್ಲಿ ಮೊದಲ ಹೋಗಿ ನಿಂತಿರತಾರ.”

“ಕಡೀಕ ಏನಾಕೈತಿ, ಅದನ್ ಹೇಳೋ” ಎಂದರು ನಮ್ಮ ಮಾವ. ಓಣಿಗೆ ಅವರೇ ಹಿರಿಯರು.

“ನಾಲ್ಕು ಹೊಡೀತಾರ ಅಣ್ಣಾ. ನಮ್ಮವರದು ಒಂದು ಗೋಲೂ ಆಗೂದಿಲ್ಲ.”

ಮಾವ ಎದ್ದು ನಿಂತರು. “ಗಿರಣಿ ಸೀರಿ ಬಂದು ನಮ್ಮ ಸೀರಿ ಕೇಳವರಿಲ್ಲದಂಗ ಆಗೈತಿ. ನೀ ಅವರ ಕಡೆ ಆಗಿ ಹೊಗಳಾಕತ್ತೀಯಲೇ?”

“ಕಾಲು ನೋಡಿ ಹೇಳೇನಿ ಅಣ್ಣಾ. ಗಿರಣಿ ನೋಡಿ ಅಲ್ಲ.”

“ಹಂಗಾರ ನಿನ್ನ ಹಾಸಿನ ನೂಲಿಗಿ ಈ ಓಣಿ ಕೈ ಹಚ್ಚೂದಿಲ್ಲ. ಆ ಕೆಂಪು ಮಂದೀನ ಕರಕೊಂಡ ಬಾ.”

ಇದು ಎಷ್ಟು ದೊಡ್ಡ ಮಾತು ಎಂದು ನೇಕಾರರಲ್ಲದವರಿಗೆ ಗೊತ್ತಾಗದು. ಮಗ್ಗಕ್ಕೆ ಏರಿಸುವ ಉದ್ದೆಳೆಯೇ ಹಾಸು; ಹೊಸ ಹಾಸಿನ ನೂಲನ್ನು ನಸುಕಿನಲ್ಲಿ ಓಣಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚಬೇಕು. ಬಿಸಿಲೇರುವ ಮೊದಲು ಎರಡೂ ಕಡೆ ನಿಂತು ಕುಂಚ ಎಳೆದು ಎಳೆ ಎಳೆ ಬಿಡಿಸಬೇಕು. ಎಂಟು ಹತ್ತು ಜನ ಬೇಕು. ಇಂದು ನಿನ್ನದಕ್ಕೆ ನಾನು, ನಾಳೆ ನನ್ನದಕ್ಕೆ ನೀನು. ಸಾವಾದ ಮನೆಯವರೂ ಇದನ್ನು ತಪ್ಪಿಸುತ್ತಿರಲಿಲ್ಲ.

ಆಟದ ದಿನ ಬೆಳಿಗ್ಗೆಯೇ ಕಾಕಾನ ಹಾಸು. ಹಾಸು ಮುಗಿಸಿ ರೊಟ್ಟಿ ಕಟ್ಟಿಕೊಂಡು ಜಮಖಂಡಿಗೆ ಹೋಗುವುದು ಅವರ ಲೆಕ್ಕ. ಹಿಂದಿನ ದಿನ ಮನೆಮನೆಗೆ ಹೋಗಿ ಕರೆದು ಬಂದರು. “ಸಿಟ್ಟಿಗಿ ಅಂದಾರ ತಂಗಿ. ನೂಲು ನೋಡಿದ್ರ ಬರತಾರ” ಎಂದರು ನನಗೆ.

ಯಾರೂ ಬರಲಿಲ್ಲ.

ನಾನು ನಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಎದುರಿಗೆ ಒದ್ದೆ ನೂಲು, ಗಂಜಿಯ ಗಡಿಗೆ, ಒಬ್ಬರೇ ಮನುಷ್ಯ. ಈ ಕಡೆ ಕುಂಚ ಎಳೆದು ಆ ಕಡೆ ಓಡುತ್ತಿದ್ದರು, ಆ ಕಡೆ ಎಳೆದು ಈ ಕಡೆ ಓಡುತ್ತಿದ್ದರು. ಬಿಸಿಲು ಬಂತು. ಎಳೆಗಳು ಒಂದಕ್ಕೊಂದು ಹತ್ತಿ ಚಾಪೆಯಾದವು. ಎರಡು ತಿಂಗಳ ಅನ್ನ ಅದು. ಓಣಿಯ ಎಲ್ಲ ಬಾಗಿಲಲ್ಲೂ ಕಣ್ಣಿದ್ದವು. ಮನುಷ್ಯರು ಇಷ್ಟು ಮಾಡಬಲ್ಲರು ಎಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಕಾಕಾ ಕುಂಚ ಕೆಳಗಿಟ್ಟರು. ಕೈ ತೊಳೆದರು. ರೊಟ್ಟಿಯ ಗಂಟು ತಗೊಂಡು ಜಮಖಂಡಿ ದಾರಿ ಹಿಡಿದರು. ಹುಚ್ಚು ಹಿಡಿಯಿತು ಎಂದಳು ಅತ್ತೆ.

ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದರು. ಗಂಡಸರು ಕಟ್ಟೆಯ ಮೇಲಿದ್ದರು. ಜಗಳಕ್ಕೆ ಬಂದರು ಎಂದೇ ನಾನು ತಿಳಿದೆ. ಅವರು ಸೀದಾ ಮಾವನ ಮುಂದೆ ಹೋಗಿ ನಿಂತರು. ದನಿ ಬಿದ್ದುಹೋಗಿತ್ತು.

“ಅಣ್ಣಾ, ನಾ ತಪ್ಪಿದೆ. ನಾಲ್ಕು ಅವರದ ಆದೂವು ಖರೆ. ಆದ್ರ ನಮ್ಮ ಹುಡುಗ ಒಂದು ಹೊಡದ! ಬರಿಗಾಲಾಗ ಹೊಡದ! ಬೂಟಿನ ಮಂದಿ ನೋಡಕೋತ ನಿಂತ್ರು. ಒದರಿ ಒದರಿ ನನ್ನ ಗಂಟಲ ಹೋತು ನೋಡು.”

ಯಾರೋ “ಯಾವ ಕಾಲಲೇ ಹೊಡದಾಂವ?” ಎಂದ. ಇನ್ನೊಬ್ಬ “ಎಷ್ಟು ದೂರಿಂದ?” ಎಂದ. ಕಾಕಾ ಧೂಳಿನಲ್ಲಿ ಗೆರೆ ಎಳೆದು ತೋರಿಸತೊಡಗಿದರು. ಓಣಿಯೆಲ್ಲ ಅವರ ಸುತ್ತ ಮುಕುರಿತು. ನಾಲ್ಕು ಮಾರು ಆಚೆಗೆ ಕೆಟ್ಟ ಹಾಸು ಬಡಿಗೆಯ ಮೇಲೆ ಹಾಗೇ ಬಿದ್ದಿತ್ತು. ಅದರ ಮಾತು ಕಾಕಾನೂ ಎತ್ತಲಿಲ್ಲ, ಓಣಿಯವರೂ ಎತ್ತಲಿಲ್ಲ. ನನಗೆ ಹೆಚ್ಚು ದಿಗಿಲಾದದ್ದು ಬೆಳಿಗ್ಗೆ ಅಲ್ಲ, ಆವಾಗ.

ಮುಂದಿನ ವಾರ ಕಾಕಾ ಮನೆಗೆ ಕೀಲಿ ಹಾಕಿ ರಬಕವಿಗೆ ಹೋದರು. ಮತ್ತೊಬ್ಬರ ಮಗ್ಗದಲ್ಲಿ ಕೂಲಿಗೆ ನೇಯ್ದರು. ಎರಡು ವರ್ಷಕ್ಕೆ ಎದೆನೋವಿನಿಂದ ಅಲ್ಲಿಯೇ ತೀರಿದರು. ಮಾವ ಮಣ್ಣಿಗೆ ಹೋಗಿ ಬಂದರು, ಎರಡು ದಿನ ಊಟ ಮಾಡಲಿಲ್ಲ.

ನಾನು ಮಾವನ ಮೇಲೆ ತಪ್ಪು ಹೊರಿಸುವುದಿಲ್ಲ. ಅವರು ಅಂದು ಬೆಳಿಗ್ಗೆ ಹಿತ್ತಲಲ್ಲಿದ್ದರು, ನನ್ನನ್ನು ತಡೆಯಲು ಬಾಗಿಲಲ್ಲಿರಲಿಲ್ಲ. ನನ್ನನ್ನು ಯಾರೂ ಹಿಡಿದಿರಲಿಲ್ಲ. ಬಾಗಿಲು ತೆರೆದೇ ಇತ್ತು. ಕುಂಚ ಎಳೆಯಲು ನನಗೆ ಬರುತ್ತಿತ್ತು.