ಹೊಸ್ತಿಲಲ್ಲಿ ಕೂತು ಆಡಿದ ಸಾಮ್ರಾಜ್ಯ

ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಸೊಸೆಯಾದವಳು ಮಾವನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಏನಿದ್ದರೂ ಗಂಡನ ಮೂಲಕ ಹೇಳಿಸಬೇಕು, ಗಂಡ ಮನೆಯಲ್ಲಿಲ್ಲದಿದ್ದರೆ ಗೋಡೆಗೆ ಹೇಳಬೇಕು. "ಸ್ನಾನಕ್ಕೆ ನೀರು ಕಾದೈತೆ" ಎಂದು ನಾನು ಗೋಡೆಗೆ ಹೇಳುತ್ತಿದ್ದೆ. "ತೋಡಿಡಾಕೆ ಹೇಳು" ಎಂದು ಮಾವನೂ ಅದೇ ಗೋಡೆಗೆ ಉತ್ತರ ಕೊಡುತ್ತಿದ್ದರು. ಆ ಗೋಡೆಗೆ ಬಾಯಿ ಬಂದಿದ್ದರೆ ನಮ್ಮಿಬ್ಬರನ್ನೂ ಚೆನ್ನಾಗಿ ಬೈಯುತ್ತಿತ್ತು.

ನನ್ನ ತವರು ಚಳ್ಳಕೆರೆ. ಅಪ್ಪನದು ಶೇಂಗಾ ಎಣ್ಣೆ ಮಿಲ್ಲು. ಮಿಲ್ಲಿನ ಸದ್ದಿನಲ್ಲೇ ಬೆಳೆದವರಾದ್ದರಿಂದ ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡಿದ್ದಿಲ್ಲ, ಅವ್ವ ಗುಟ್ಟು ಹೇಳಿದರೂ ಪಕ್ಕದ ಮನೆಗೆ ಕೇಳಿಸುತ್ತಿತ್ತು. ಅಲ್ಲಿಂದ ಬಂದು ಈ ಮನೆಯ ಮೌನಕ್ಕೆ ಒಗ್ಗಿಕೊಳ್ಳುವುದೆಂದರೆ ನನಗೆ ಉಸಿರು ಕಟ್ಟಿದಂತೆ ಆಗುತ್ತಿತ್ತು. ಮಾವ ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು, ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಅವರು ಒಳ್ಳೆಯವರು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಮಾವ ನಮ್ಮ ರೇಷ್ಮೆ ನೂಲಿನ ಅಂಗಡಿಯ ಅಟ್ಟದಿಂದ ಇಳಿಯುವಾಗ ಕಾಲು ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಪಡಸಾಲೆಯ ಮಂಚವೇ ಗತಿಯಾಯಿತು. ಬೆಳಗಿನಿಂದ ಸಂಜೆಯವರೆಗೆ ನೇಕಾರರ ಜೊತೆ ತೆಲುಗಿನಲ್ಲಿ ಚೌಕಾಶಿ ಮಾಡುತ್ತಿದ್ದ ಮನುಷ್ಯ ಈಗ ತೊಲೆ ನೋಡುತ್ತ ಮಲಗಬೇಕಾಯಿತು. ಬಳ್ಳಾರಿಯಲ್ಲಿದ್ದ ಮಾವನ ಅಳಿಯ ನೋಡಲು ಬಂದವರು, ಹೊತ್ತು ಹೋಗಲಿ ಎಂದು ದೊಡ್ಡದೊಂದು ಆಟದ ಡಬ್ಬಿ ತಂದುಕೊಟ್ಟರು.

ಬಿಚ್ಚಿದರೆ ಒಳಗೆ ಹಳೆಯ ಕಾಲದ ರೋಮು, ಗ್ರೀಸು, ಈಜಿಪ್ಟುಗಳ ನಕ್ಷೆ, ಪ್ಲಾಸ್ಟಿಕ್ಕಿನ ಪುಟ್ಟ ಸೈನಿಕರು, ಹಡಗು, ಕೋಟೆ, ದಾಳ. ಊರು ಕಟ್ಟಬೇಕು, ತೆರಿಗೆ ಎತ್ತಬೇಕು, ಸೈನ್ಯ ಬೆಳೆಸಿ ಪಕ್ಕದವರ ನಾಡನ್ನು ಗೆದ್ದುಕೊಳ್ಳಬೇಕು. ಕಡಿಮೆಯೆಂದರೆ ಮೂವರು ಬೇಕು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು, ನಮಗಿನ್ನೂ ಮಕ್ಕಳಾಗಿರಲಿಲ್ಲ. ಮನೆಯಲ್ಲಿದ್ದವರೇ ಮೂವರು. ಹಾಗಾಗಿ ನಾನು ಆಡುವುದು ಬಿಡುವುದು ನನ್ನ ಇಷ್ಟಕ್ಕೆ ಬಿಟ್ಟದ್ದಾಗಿರಲಿಲ್ಲ.

ಆಟದ ನಿಯಮಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಬಿ.ಎ. ಓದಿದವಳು ನಾನೇ ಆದ್ದರಿಂದ ಒಂದೊಂದೇ ಓದಿ ಯಜಮಾನರಿಗೆ ಬಿಡಿಸಿ ಹೇಳಿದೆ. ಅವರು ಅದನ್ನೇ ಮಾವನಿಗೆ ಹೇಳಿದರು. ಮಾವ ಮಾರು ದೂರದಲ್ಲೇ ಮಲಗಿದ್ದರು, ನಾನು ಹೇಳಿದ್ದೆಲ್ಲ ಕಿವಿಗೆ ಬಿದ್ದಿತ್ತು. ಆದರೂ ಮಗ ಹೇಳಿ ಮುಗಿಸುವ ತನಕ ಕಾಯ್ದು ಆಮೇಲೆ "ಹೂಂ, ತಿಳೀತು" ಎಂದರು.

ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಆಟ. ಮಂಚದ ಪಕ್ಕ ಸ್ಟೂಲು, ಅದರ ಮೇಲೆ ನಕ್ಷೆ. ಆಚೆ ಬದಿಗೆ ಯಜಮಾನರು ಕುರ್ಚಿಯಲ್ಲಿ. ಮಾವನ ಎದುರು ಸರಿಸಮ ಕೂರುವಂತಿಲ್ಲವಾದ್ದರಿಂದ ನಾನು ನಡುಮನೆಯ ಹೊಸ್ತಿಲ ಒಳಗೆ ನೆಲದ ಮೇಲೆ, ತಲೆ ತುಂಬ ಸೆರಗು ಹೊದ್ದು. ಅಲ್ಲಿಂದ ಕತ್ತು ಚಾಚಿ ನೋಡಿ "ಆ ಹಡಗು ಮುಂದಕ್ಕೆ ಹಾಕ್ರಿ" ಎಂದರೆ ಯಜಮಾನರು ನನ್ನ ಪರವಾಗಿ ಸರಿಸುತ್ತಿದ್ದರು. ಒಂದು ಸಾಮ್ರಾಜ್ಯವನ್ನು ಹೊಸ್ತಿಲಾಚೆಯಿಂದ ಆಳಿದ ರಾಣಿ ಬಹುಶಃ ನಾನೊಬ್ಬಳೇ ಇರಬೇಕು.

ಮಾವನಿಗೆ ಆಟ ಹಿಡಿಸಿಬಿಟ್ಟಿತು. ರೋಮಿಗೆ ಚಿತ್ರದುರ್ಗ ಎಂದು ಹೆಸರಿಟ್ಟರು, ಈಜಿಪ್ಟು ಬಳ್ಳಾರಿಯಾಯಿತು, ನಡುವಿನ ಸಮುದ್ರಕ್ಕೆ ರಂಗಯ್ಯನದುರ್ಗದ ಡ್ಯಾಮು ಎಂದರು. "ಅಶೋಕ ಚಕ್ರವರ್ತಿ ನಮ್ಮ ಬ್ರಹ್ಮಗಿರಿ ತನಕ ಬಂದಿದ್ದ ಕಣಲೇ. ಈ ನೆಲಕ್ಕೆ ರಾಜ್ಯ ಕಟ್ಟೋದು ಹೊಸದಲ್ಲ" ಎಂದು ಮಗನಿಗೆ ಹೇಳುತ್ತ ಚಿತ್ರದುರ್ಗವನ್ನು ತಾವೇ ಇಟ್ಟುಕೊಂಡರು.

ನನ್ನ ಕಷ್ಟ ಎರಡನೆಯ ಭಾನುವಾರವೇ ಶುರುವಾಯಿತು. ನನ್ನ ಸೈನ್ಯ ಚಿತ್ರದುರ್ಗದ ಗಡಿಗೆ ಬಂದು ನಿಂತಿತ್ತು. ಅಲ್ಲಿ ಮಾವನ ಕಡೆ ಇಬ್ಬರೇ ಇಬ್ಬರು ಸೈನಿಕರು. "ದಾಳಿ ಮಾಡ್ತೀಯಾ?" ಎಂದು ಯಜಮಾನರು ಕೇಳಿದರು. ಮುಖ ಎತ್ತಿ ಮಾತಾಡಿಸಬಾರದವರ ಮೇಲೆ ಸೈನ್ಯ ನುಗ್ಗಿಸುವುದು ಹೇಗೆ? "ಬ್ಯಾಡ ರೀ, ನಿಮ್ಮ ಮೇಲೇ ಮಾಡ್ತೀನಿ" ಎಂದೆ. ಯಜಮಾನರು ತಾವಾಗಿ ಯಾರ ಮೇಲೂ ಹೋಗುವವರಲ್ಲ. "ನೋಡಾಣ" ಎಂಬುದೊಂದೇ ಅವರ ಯುದ್ಧನೀತಿ. ಮೇಲೆ ಬಿದ್ದರೆ ಮಾತ್ರ ತಿರುಗಿ ಹೊಡೆಯುತ್ತಿದ್ದರು. ಗಂಡಹೆಂಡತಿ ಇಬ್ಬರೂ ಬಡಿದಾಡಿ ಸುಸ್ತಾದ ಮೇಲೆ ಮಾವ ನಿಧಾನಕ್ಕೆ ಬಂದು ಇಬ್ಬರ ಊರುಗಳನ್ನೂ ಬಾಚಿಕೊಳ್ಳುತ್ತಿದ್ದರು. ವಾರವಾರವೂ ಇದೇ ಕಥೆ. ಮುಂದೆ ಹೋಗಬಾರದ ಗಡಿ, ಪಕ್ಕದಲ್ಲಿ ಗಂಡ, ಹಿಂದೆ ಡ್ಯಾಮು. ಮೊದಲು ಸಾಯುವವಳು ನಾನೇ. ಸತ್ತ ಮೇಲೂ ಏಳುವಂತಿರಲಿಲ್ಲ, ಆಟ ಮುಗಿಯುವ ತನಕ ಹೊಸ್ತಿಲಲ್ಲೇ ಕೂತಿರಬೇಕು.

ಹಾಗಿರುವಾಗ ಒಂದು ಬುಧವಾರ ಅಪ್ಪ ಫೋನು ಮಾಡಿದರು. ಚಳ್ಳಕೆರೆಯ ಕಾಲೇಜಿನಲ್ಲಿ ನನಗೆ ಬಿ.ಎಡ್. ಸೀಟು ಸಿಕ್ಕಿತ್ತು. ಮುಂದಿನ ಸೋಮವಾರವೇ ಸೇರಲು ಕೊನೆಯ ದಿನ. ಮದುವೆಗೆ ಮೊದಲಿನಿಂದ ಟೀಚರ್ ಆಗಬೇಕೆಂದು ಆಸೆಪಟ್ಟವಳು ನಾನು. ಒಂದೇ ವರ್ಷದ ಓದು, ತವರಿನಲ್ಲಿದ್ದು ಶನಿವಾರ ಶನಿವಾರ ಬಂದು ಹೋಗಬಹುದು, ಅಡುಗೆಗೆ ಹಿಂದಿನ ಬೀದಿಯ ಅಜ್ಜಿಯನ್ನು ಕೇಳಿಯೂ ಇಟ್ಟಿದ್ದೆ. "ಅಪ್ಪಾಜಿಗೆ ಹೇಳಿ ನೋಡಾಣ" ಎಂದರು ಯಜಮಾನರು.

ಊಟಕ್ಕೆ ಕೂತಾಗ ಹೇಳಿದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

"ಲೇ, ಆಟದಾಗೇ ಒಂದು ಊರು ಉಳಿಸ್ಕಳಾಕೆ ಬರಲ್ಲ ಆಕೀಗೆ" ಎಂದರು ಮಾವ. "ಒಂದು ಕ್ಲಾಸು ಹುಡುಗ್ರನ್ನ ಹೆಂಗೆ ಸಂಭಾಳಿಸ್ತಾಳೆ? ಪಾಪ, ಮೆದು ಹುಡುಗಿ. ಮನೇಲಿ ಆರಾಮಾಗಿರ್ಲಿ ಬಿಡು."

ಅಣಕವಲ್ಲ, ಮನಸ್ಸಿನಿಂದಲೇ ಹೇಳಿದ್ದರು. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಮರ್ಯಾದೆ ಎಂದು ಸೋತದ್ದು ನನ್ನ ದಡ್ಡತನದ ಸಾಕ್ಷಿಯಾಗಿ ನಿಂತಿತ್ತು.

ಆ ಭಾನುವಾರ ನಾನು ಗೆಲ್ಲಲೇಬೇಕೆಂದು ಕೂತೆ. ಮೊದಲಿಗೆ ಯಾರ ತಂಟೆಗೂ ಹೋಗಲಿಲ್ಲ. ಊರು ಕಟ್ಟಿದೆ, ಹಡಗು ಕಟ್ಟಿದೆ, ಬಂದ ತೆರಿಗೆಯನ್ನೆಲ್ಲ ಸೈನ್ಯಕ್ಕೆ ಸುರಿದೆ. ಮಾವ ಎಂದಿನಂತೆ ನಾವಿಬ್ಬರು ಬಡಿದಾಡುವುದನ್ನೇ ಕಾಯುತ್ತಿದ್ದರು. ನನ್ನ ಸರದಿ ಬಂದಾಗ ಯಜಮಾನರು ತಮ್ಮ ಗಡಿಯ ಕಡೆಗೆ ಕೈ ಒಯ್ದರು.

"ಅಲ್ಲಲ್ಲ ರೀ" ಎಂದೆ. "ಮಾವನೋರ ಮೇಲೆ."

ಅವರ ಕೈ ಗಾಳಿಯಲ್ಲೇ ನಿಂತಿತು. ಇನ್ನೊಮ್ಮೆ ಹೇಳಿದೆ. ಸರಿಸಿದರು. ದಾಳ ನನ್ನ ಕಡೆಗೇ ಬಿತ್ತು. ಮಾವ ಹಿಡಿದಿದ್ದ ಬಳ್ಳಾರಿ ಹೋಯಿತು, ಡ್ಯಾಮು ದಾಟಿ ಇನ್ನೆರಡು ಊರು ಹೋದವು. "ಅಯ್ಯೋ, ಅಂತಾ ಪೋಯಿಂದಿ!" ಎಂದು ಮಾವ ತೆಲುಗಿನಲ್ಲಿ ಎಲ್ಲ ಹೋಯಿತೆಂದು ಹಣೆ ಚಚ್ಚಿಕೊಂಡರು. ನಷ್ಟಕ್ಕೂ ಸಿಟ್ಟಿಗೂ ಅವರದು ಆ ಭಾಷೆಯೇ. ಕೊನೆಗೆ ಉಳಿದದ್ದು ಚಿತ್ರದುರ್ಗ. ಅದಕ್ಕೆ ಮಾತ್ರ ಯಜಮಾನರ ಕೈ ಏಳಲಿಲ್ಲ. ನಾನು ಎದ್ದು ಹೊಸ್ತಿಲು ದಾಟಿ, ಮಾವನ ಮಂಚದ ಪಕ್ಕ ನಿಂತು, ಸೈನಿಕರನ್ನು ನನ್ನ ಕೈಯಾರೆ ಕೋಟೆಯೊಳಗೆ ಇಟ್ಟೆ. ಭಯಕ್ಕಿಂತ ಖುಷಿಯೇ ಹೆಚ್ಚಿತ್ತು.

ಮಾವ ನಕ್ಷೆಯ ಕಡೆ ಕತ್ತು ಚಾಚಿದರು. ಬೈಯುತ್ತಾರೆ ಅಂದುಕೊಂಡೆ. ಅವರು ನಗಲು ಶುರುಮಾಡಿದರು.

"ಏನಲೇ ಇದು! ಇಷ್ಟು ದಿನ ಬೇಕಂತಲೇ ಸೋಲ್ತಿದ್ಲಾ? ಭಾರಿ ತಲೆ ಐತೆ ಕಣಲೇ ಈಕೀದು. ನೀನು ಹಿಂಗೆ ಯಾವತ್ತಾನ ಆಡೀಯಾ?" ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಮಗನ ತೊಡೆಗೊಂದು ಏಟು ಬಿಟ್ಟರು. "ಇಂಥೋಳನ್ನ ಹೊರಗೆ ಕಳಿಸ್ತಾರೇನೋ ಯಾರಾದ್ರೂ? ಮನೇಲೇ ಕುಂತು ಅಂಗಡಿ ವ್ಯವಹಾರ ಎಲ್ಲಾ ಈಕೀನೇ ನೋಡ್ಕಳ್ಳಿ. ಈ ಮನೆ ಉದ್ಧಾರ ಆತು!"

ಸೋತಾಗ ಬುದ್ಧಿಯಿಲ್ಲವೆಂದು ಮನೆಯಲ್ಲಿರಬೇಕಿತ್ತು, ಗೆದ್ದರೆ ಬುದ್ಧಿಯಿದೆ ಎಂದು ಇರಬೇಕಾಯಿತು. ಅವರು ಅಷ್ಟು ಪ್ರೀತಿಯಿಂದ ಹೇಳುತ್ತಿದ್ದರು, ನನಗೆ ಕೂಗಿ ಅಳಬೇಕು ಅನ್ನಿಸಿತು.

"ಮಾವನೋರೆ" ಎಂದೆ. ಮದುವೆಯಾದ ಮೇಲೆ ಅವರನ್ನು ನೇರವಾಗಿ ಕರೆದದ್ದು ಅದೇ ಮೊದಲು. "ನಂಗೆ ಅಂಗಡಿ ಬ್ಯಾಡ್ರಿ. ನಾನು ನಾಳೆ ಚಳ್ಳಕೆರೆಗೆ ಹೋಗಿ ಕಾಲೇಜಿಗೆ ಸೇರ್ತೀನಿ."

ಮಾವನ ನಗು ನಿಂತಿತು. ಅವರು ನನ್ನ ಕಡೆ ನೋಡಲೇ ಇಲ್ಲ, ನಿಧಾನಕ್ಕೆ ಮಗನ ಕಡೆ ತಿರುಗಿದರು.

"ಏನಂತಾಳೋ?"

ಯಜಮಾನರು ಸೈನಿಕರನ್ನು ಒಬ್ಬೊಬ್ಬರನ್ನಾಗಿ ಡಬ್ಬಿಗೆ ತುಂಬುತ್ತಿದ್ದರು. ನಾನು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರೆ ಸಾಕಿತ್ತು, ತಮ್ಮದೊಂದು ಮಾತು ಸೇರಿಸುವುದೂ ಬೇಕಿರಲಿಲ್ಲ. ಅವರು ತಲೆಯೆತ್ತಲಿಲ್ಲ.

"ಏನಿಲ್ಲ ಅಪ್ಪಾಜಿ" ಎಂದರು. "ಒಲೆ ಮೇಲೆ ಹಾಲಿಟ್ಟು ಬಂದೀನಿ ಅಂದ್ಲು."

ಒಲೆಯ ಮೇಲೆ ಹಾಲಿರಲಿಲ್ಲ. ಆದರೂ ನಾನು ಒಳಗೆ ಹೋದೆ, ಪಾತ್ರೆ ತೆಗೆದು ಹಾಲಿಟ್ಟೆ. ಮರುದಿನ ಬೆಳಿಗ್ಗೆ ಚಳ್ಳಕೆರೆಯ ಬಸ್ಸು ನಾನಿಲ್ಲದೆ ನಮ್ಮ ಮನೆಯ ಮುಂದೆಯೇ ಹೋಯಿತು.