ಎರಡನೆಯ ‘ಅಲ್ಲ’

ಇಪ್ಪತ್ತೆರಡು ವರ್ಷ ‘ಅಲ್ಲ’ ಎನ್ನುವುದಕ್ಕೇ ಸಂಬಳ ತೆಗೆದುಕೊಂಡವನು ನಾನು. ಹರಿಹರದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಇನ್‌ಸ್ಪೆಕ್ಟರ್ ಎಂದ ಕೂಡಲೇ ಲಾಠಿ, ಮೀಸೆ ನೆನೆಸಿಕೊಳ್ಳಬೇಡಿ. ಬೇರೆಯವರು ಕಡೆದು ತಂದ ಸ್ಪಿಂಡಲ್ಲುಗಳನ್ನು, ಎಂದರೆ ಯಂತ್ರದೊಳಗೆ ತಿರುಗುವ ಉಕ್ಕಿನ ದಂಡಗಳನ್ನು, ಮೈಕ್ರೋಮೀಟರಿನಲ್ಲಿ ಹಿಡಿದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಬಣ್ಣ ಬಳಿದು ಆಚೆಗಿಡುವ ಕೆಲಸ. ಇಂಥವನಿಗೆ ಸ್ನೇಹಿತರು ಕಡಿಮೆ. ಮನೆಯಲ್ಲೂ ಚಟ ಬಿಡದೆ ಒಮ್ಮೆ ರೊಟ್ಟಿಯ ದಪ್ಪ ಅಳೆದಾಗ ಹೆಂಡತಿ ಗಿರಿಜ, “ಪಾಸಾದ್ರೆ ತಿನ್ರಿ, ಇಲ್ಲಾಂದ್ರೆ ಎಮ್ಮಿಗೆ ಹಾಕ್ತೀನಿ. ಅದೇನು ಅಳತಿ ಕೇಳಂಗಿಲ್ಲ” ಎಂದಿದ್ದಳು.

ಆ ಕೆಲಸ ಹೋದದ್ದೂ ಒಂದು ‘ಅಲ್ಲ’ದಿಂದಲೇ. ಒಂದು ದಿನ ನಲವತ್ತು ಸ್ಪಿಂಡಲ್ಲುಗಳನ್ನು ಒಟ್ಟಿಗೇ ಆಚೆಗಿಟ್ಟೆ. ಮರುದಿನ ಅವನ್ನೇ ಮತ್ತೊಮ್ಮೆ ಅಳೆಯಲು ಗುತ್ತೂರಿನ ಬಸವಂತಪ್ಪನಿಗೆ ಕೊಟ್ಟರು. ಪಕ್ಕದ ಮೇಜಿನವನು, ಹನ್ನೊಂದು ವರ್ಷ ನನ್ನ ಬುತ್ತಿಯ ಶೇಂಗಾ ಚಟ್ನಿ ತಿಂದವನು. ಅವನು ನಲವತ್ತಕ್ಕೂ ‘ಓಕೆ’ ಬರೆದ. ಕಾರ್ಖಾನೆಯ ಸಾಹೇಬರು ನನ್ನನ್ನು ಕರೆದು, ಬಹಳ ಮರ್ಯಾದೆಯಿಂದಲೇ, “ಕೈ ನಡುಗ್ತಾ ಐತೇನ್ರಿ? ಸ್ವಲ್ಪ ರೆಸ್ಟ್ ತಗಳ್ರಿ” ಎಂದರು. ಅದೇ ತಿಂಗಳು ಸ್ವಯಂನಿವೃತ್ತಿಯ ಕಾಗದಕ್ಕೆ ಸಹಿ ಹಾಕಿದೆ. ಹಾಕುವಾಗ ಕೈಯನ್ನೇ ನೋಡುತ್ತಿದ್ದೆ. ನಡುಗಿತು. ಸಿಟ್ಟಿಗೋ ವಯಸ್ಸಿಗೋ ಗೊತ್ತಾಗಲಿಲ್ಲ. ಅವತ್ತು ತಪ್ಪಿದ್ದು ಸ್ಪಿಂಡಲ್ಲೋ ನಾನೋ, ಅದೊಂದು ಗೊತ್ತಾದರೆ ಸಾಕು ಎಂದುಕೊಂಡೇ ಅಂದಿನಿಂದ ಬದುಕಿದ್ದೇನೆ.

ಈಗ ದಿನಾ ಬಸ್ಸು ಹತ್ತಿ ದಾವಣಗೆರೆಗೆ ಬಂದು, ಗೆಳೆಯ ಖಾದರ್ ಸಾಹೇಬರ ಲಗ್ನಪತ್ರಿಕೆ ಪ್ರೆಸ್ಸಿನಲ್ಲಿ ಅಕ್ಷರದ ತಪ್ಪು ಹುಡುಕುತ್ತೇನೆ. ಆಷಾಢದಲ್ಲಿ ಯಾರೂ ಮದುವೆಯಾಗುವುದಿಲ್ಲವಾದ್ದರಿಂದ ಪ್ರೆಸ್ಸಿನ ಕಂಪ್ಯೂಟರೂ ನಾನೂ ಎದುರುಬದುರು ಸುಮ್ಮನೆ ಕೂರುತ್ತೇವೆ. ಹೋದ ಆಷಾಢದಲ್ಲಿ ಖಾದರ್, ಯಾವುದೋ ಪತ್ರಿಕೆಯ ಜೊತೆ ಬಂದ ಸೀಡಿಯನ್ನು ಒಳಗೆ ತಳ್ಳಿ, “ಅರೆ, ಹಿಂಗೆ ಮಾರಿ ನೋಡ್ಕಂಡು ಕುಂತ್ರೆ ಹೆಂಗೆ? ನಿಮಗೂ ಇದಕ್ಕೂ ಕೆಲಸ ಹಚ್ತೀನಿ ತಡೀರಿ” ಎಂದರು.

ಕೆಲಸ ಇಂಥದ್ದು. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗಳಿವೆಯಲ್ಲ, ಮೇಷ್ಟ್ರು ಕಿವಿ ಹಿಂಡಿ ಕಲಿಸಿದ ಅವಿಭಾಜ್ಯ ಸಂಖ್ಯೆಗಳು, ಅವುಗಳಲ್ಲಿ ಲಕ್ಷಗಟ್ಟಲೆ ಅಂಕಿಗಳ ರಾಕ್ಷಸರನ್ನು ಹುಡುಕುವುದು. ಒಂದೇ ಕಂಪ್ಯೂಟರಿನಿಂದ ಆಗುವ ಮಾತಲ್ಲ. ಅದಕ್ಕೆ ಎಲ್ಲೋ ದೂರದ ಒಂದು ಯಂತ್ರ, ಬಿಟ್ಟಿ ದುಡಿಯಲು ಒಪ್ಪಿದ ಕಂಪ್ಯೂಟರುಗಳಿಗೆಲ್ಲ ತಲೆಗೊಂದು ಸಂಖ್ಯೆ ಹಂಚುತ್ತದೆ. ಫೋನಿನ ತಂತಿಗೆ ಜೋಡಿಸಿದ ಡಬ್ಬಿ ಕಿರ್ರೋ ಎಂದು ಅರಚಿಕೊಂಡರೆ ನಮ್ಮ ಪಾಲಿನದು ಬಂದು ಬೀಳುತ್ತದೆ. ವಯಸ್ಸೆಷ್ಟು, ಕೈ ನಡುಗುತ್ತದೆಯೇ, ಏನೂ ಕೇಳುವುದಿಲ್ಲ. ಕರೆಂಟು ಹೋಗಿ ಬಂದರೆ ಬಿಟ್ಟಲ್ಲಿಂದಲೇ ಲೆಕ್ಕ ಮುಂದುವರಿಯುತ್ತದೆ. ಬಹಳ ದಿನ ನಮ್ಮಿಂದ ಸುದ್ದಿ ಹೋಗದಿದ್ದರೆ, ಇವನು ಕೈಬಿಟ್ಟ ಎಂದು ತಿಳಿದು ಅದೇ ಸಂಖ್ಯೆಯನ್ನು ಇನ್ನೊಬ್ಬನಿಗೆ ಕೊಡುತ್ತದೆ. ಬೈಗುಳವೂ ಇಲ್ಲ, ನೋಟೀಸೂ ಇಲ್ಲ. ಬಂದ ಸಂಖ್ಯೆ ಅವಿಭಾಜ್ಯವೇ ಎಂದು ಆರು ವಾರ ತಿಣುಕಿ ನಮ್ಮ ಕಂಪ್ಯೂಟರು ಕೊಟ್ಟ ಉತ್ತರ: ಅಲ್ಲ. ಭಲೇ, ನಮ್ಮ ಕುಲದ್ದೇ ಎಂದು ಅದರ ತಲೆ ಸವರಿದೆ.

ಆದರೆ ದೂರದ ಯಂತ್ರ ನಂಬಲಿಲ್ಲ. ಲೆಕ್ಕದ ತುದಿಯಲ್ಲಿ ಶೇಷ ಸೊನ್ನೆಯಾದರೆ ‘ಹೌದು’, ಬೇರೇನು ಉಳಿದರೂ ‘ಅಲ್ಲ’. ನಮ್ಮ ‘ಅಲ್ಲ’ದ ಜೊತೆಗೆ ಉಳಿದ ಶೇಷದ ಕೊನೆಯ ಅಂಕಿಗಳನ್ನೂ ಬರೆದುಕೊಂಡು, ಒಬ್ಬರು ನೋಡಿದ್ದಾರೆ ಎಂದಷ್ಟೇ ಪಟ್ಟಿಗೆ ಸೇರಿಸಿತು. ಮುಂದೆ ಎಂದಾದರೂ ನನ್ನ ಶೇಷ ಗೊತ್ತಿಲ್ಲದ ಇನ್ನೊಬ್ಬ ಅದೇ ಸಂಖ್ಯೆಯನ್ನು ಮೊದಲಿನಿಂದ ಲೆಕ್ಕ ಹಾಕಬೇಕು. ಅವನ ಶೇಷ ನನ್ನದಕ್ಕೆ ತಾಳೆಯಾದರೆ ಮಾತ್ರ ಅದು ನಿಜವಾದ ‘ಅಲ್ಲ’. ಆಗದಿದ್ದರೆ ಮೂರನೆಯವನಿಗೆ ಹೋಗುತ್ತದೆ. ತನ್ನದನ್ನು ತಾನೇ ಸರಿ ಎಂದುಕೊಳ್ಳುವ ಹಾಗಿಲ್ಲ. ಇದನ್ನು ಖಾದರ್ ಓದಿ ಹೇಳಿದಾಗ ನನಗೆ ಅಳು ಬಂತು ಕಣ್ರೀ. ಯಾರಿಗೂ ಬೇಡದ ಒಂದು ಸಂಖ್ಯೆಗೆ ಸಿಗುವ ನ್ಯಾಯ ನನ್ನ ನಲವತ್ತು ಸ್ಪಿಂಡಲ್ಲಿಗೆ ಸಿಗಲಿಲ್ಲವಲ್ಲ! ನಮ್ಮೂರ ಗುಡಿಯ ದೇವರೂ ಅರ್ಧ ಹರಿ, ಅರ್ಧ ಹರ. ಒಬ್ಬನೇ ನಿಂತರೆ ಯಾರೂ ನಂಬುವುದಿಲ್ಲ ಎಂದು ದೇವರಿಗೂ ಅನ್ನಿಸಿರಬೇಕು.

ಆಮೇಲೆ ಪಟ್ಟಿ ನೋಡುವುದೇ ನನಗೊಂದು ಹುಚ್ಚಾಯಿತು. ಎರಡನೆಯವನು ಬರಲೇ ಇಲ್ಲ. ಎಲ್ಲರಿಗೂ ಹೊಸ ಸಂಖ್ಯೆಯೇ ಬೇಕು. ರಾಕ್ಷಸ ಸಿಕ್ಕರೆ ಹೆಸರು ಬರುವುದು ಅದರಲ್ಲೇ. ಇನ್ನೊಬ್ಬ ‘ಅಲ್ಲ’ ಎಂದದ್ದನ್ನು ಮತ್ತೆ ‘ಅಲ್ಲ’ ಎಂದವನಿಗೆ ಏನು ಸಿಗುತ್ತದೆ, ಮಣ್ಣು? ವರ್ಷಗಟ್ಟಲೆ ಕಾಯಬೇಕಂತೆ. ಎರಡು ಸಾವಿರನೇ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಪೇಪರಿನವರು ಬೇರೆ ಬರೆಯುತ್ತಿದ್ದರು.

ಮಾಘದಲ್ಲಿ, ಲಗ್ನಪತ್ರಿಕೆಗಳ ಸುಗ್ಗಿಯಲ್ಲಿ, ಪ್ರೆಸ್ಸಿನ ಬಾಗಿಲಿಗೆ ಬಸವಂತಪ್ಪ ಬಂದ. ಮಗಳ ಮದುವೆ. ನಾನಿಲ್ಲಿರುವುದು ಅವನಿಗೆ ಗೊತ್ತಿರಲಿಲ್ಲ, ಹೊಸ್ತಿಲಲ್ಲೇ ನಿಂತುಬಿಟ್ಟ. “ಬರ್ರಿ, ಕೂಡ್ರಿ” ಎಂದು ಖಾದರ್ ಚಹಾ ತರಿಸಿದರು. ಕರಡು ಸಿದ್ಧವಾದಾಗ ಓದುವುದು ನನ್ನ ಕೆಲಸ, ಓದಿದೆ. ಬೀಗರ ಊರು ‘ಲೊಕಿಕೆರೆ’ ಎಂದಾಗಿತ್ತು. ದೀರ್ಘ ಹಾಕಿ ಲೋಕಿಕೆರೆ ಮಾಡಿದೆ.

“ನಿಮ್ಮ ಕಣ್ಣಿಗೆ ಬಿದ್ರೆ ತಪ್ಪು ಉಳಿಯಂಗಿಲ್ಲ ಬಿಡ್ರಿ” ಎಂದ ಬಸವಂತಪ್ಪ.

ಆ ಮಾತನ್ನು ಅವನು ಆಡಬಾರದಿತ್ತು. “ಅವತ್ತು ನಿನಗೆ ಅಳತಿ ಎಷ್ಟು ಬಂತು?” ಎಂದು ಕೇಳಿಯೇಬಿಟ್ಟೆ.

ಅವನು ಚಹಾದ ಲೋಟ ಕೆಳಗಿಟ್ಟ. “ಅಳತಿ ಮಾಡೇ ಇಲ್ರಿ. ಮಾಲು ಸಂಜಿಗೆ ಹೋಗಬೇಕು, ಓಕೆ ಹಾಕು ಅಂದ್ರು ಸಾಹೇಬ್ರು. ಹಾಕಿದೆ. ಮೈಕ್ರೋಮೀಟ್ರು ಡಬ್ಬಿ ಬಿಟ್ಟು ಹೊರಗೇ ಬರ್ಲಿಲ್ಲ. ನಿಮಗೆ ಹೇಳಾಣ ಅಂತ ಎರಡು ಸಲ ನಿಮ್ಮ ಮನಿತಂಕ ಬಂದೆ. ಬಾಗಿಲು ಬಡಿಯಾಕೆ ಧೈರ್ಯ ಆಗ್ಲಿಲ್ಲ.”

ಬೈಯಬೇಕಿತ್ತು. ಮಗಳ ಲಗ್ನಪತ್ರಿಕೆ ಹಿಡಿದು ಕೂತವನನ್ನು ಹೇಗೆ ಬೈಯುವುದು? ಗೆದ್ದೆಯಲ್ಲ ಎಂದು ನೀವು ಹೇಳಬಹುದು. ಖಾದರ್ ಕೂಡ ಹಾಗೆಯೇ ಹೇಳಿದರು. ಎಲ್ಲಿಯ ಗೆಲುವು! ಅವನು ಅಳೆದು ‘ಹೌದು’ ಎಂದಿದ್ದರೆ ಮೂರನೆಯವನನ್ನು ಕೇಳಬಹುದಿತ್ತು. ಅಳೆದು ‘ಅಲ್ಲ’ ಎಂದಿದ್ದರೆ ನನ್ನ ಕೈ ಗಟ್ಟಿ ಎಂದಾಗುತ್ತಿತ್ತು. ಈಗ ಎರಡೂ ಇಲ್ಲ. ಆ ನಲವತ್ತೂ ಯಾವ ಯಾವ ಊರಿನ ಯಂತ್ರಗಳ ಹೊಟ್ಟೆ ಸೇರಿವೆಯೋ, ಇನ್ನು ಅವನ್ನು ಯಾರೂ ಅಳೆಯುವುದಿಲ್ಲ. ನಾನು ಸರಿಯೋ ತಪ್ಪೋ ನನಗೆ ಗೊತ್ತಾಗುವುದೇ ಇಲ್ಲ, ಸಾಯುವವರೆಗೂ. ಎರಡು ದಿನ ಊಟ ಸೇರಲಿಲ್ಲ. ಗಿರಿಜ ರೊಟ್ಟಿಯ ಪಕ್ಕಕ್ಕೆ ಮೈಕ್ರೋಮೀಟರನ್ನೂ ತಂದಿಟ್ಟಳು. ಅದಕ್ಕೂ ನಗು ಬರಲಿಲ್ಲ.

ಈ ಆಷಾಢದಲ್ಲಿ ಕಂಪ್ಯೂಟರು ಮತ್ತೆ ಖಾಲಿಯಾದಾಗ ಖಾದರಿಗೆ, “ಹೊಸದು ಬ್ಯಾಡ್ರಿ, ಯಾರೋ ಒಬ್ಬರು ನೋಡಿಟ್ಟ ಹಳೇದನ್ನೇ ಕೇಳ್ರಿ” ಎಂದೆ. ಹಾಗೂ ಕೇಳಬಹುದು. ಎಲ್ಲೋ ಒಬ್ಬ ನನ್ನಂತೆಯೇ ದಿನಾ ಪಟ್ಟಿ ನೋಡುತ್ತಿರಬಹುದು, ಅವನಿಗಾದರೂ ಒಬ್ಬ ಎರಡನೆಯವನು ಸಿಗಲಿ ಎಂದುಕೊಂಡೆ. ಸಂಖ್ಯೆ ಬಂತು. ಐದು ವಾರ ಅದರ ಎದುರಿನಿಂದ ಅಲುಗಾಡಲಿಲ್ಲ.

ಮೊನ್ನೆ ಉತ್ತರ ಬಂತು: ಅಲ್ಲ. ಆದರೆ ಶೇಷ ತಾಳೆಯಾಗಲಿಲ್ಲ. ಅವನದೊಂದು, ನಮ್ಮದೊಂದು. ಉಪಕಾರ ಮಾಡಲು ಹೋಗಿ, ಕಂಡರಿಯದ ಒಬ್ಬನ ಕೆಲಸದ ಮೇಲೆ ಅನುಮಾನ ಹಾಕಿ ಬಂದೆ.

“ನಮ್ಮ ಕಂಪ್ಯೂಟ್ರಿಂದೇ ತಪ್ಪಿರ್ತೈತೆ ಬಿಡ್ರಿ, ಅದರ ಮೆಮೊರಿ ಸರಿ ಇಲ್ಲ. ಹೋದ ಮಾಘದಾಗೆ ಒಬ್ಬ ವರನ ಅಪ್ಪನ ಹೆಸರೇ ನುಂಗಿತ್ತು” ಎಂದು ಖಾದರ್ ಸಮಾಧಾನ ಹೇಳಿದರು. ಸಂಖ್ಯೆ ಈಗ ಮೂರನೆಯವನಿಗೆ ಹೋಗುತ್ತದೆ. ಅವನು ಎಂದು ಬರುತ್ತಾನೋ.

ನಾನೇ ಸರಿ ಎಂದು ಒಬ್ಬರಾದರೂ ಹೇಳಲಿ ಎಂದು ಇಷ್ಟು ವರ್ಷ ಕಾದವನು, ಈಗ ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಗುಡಿಯ ಮುಂದೆ ನಿಂತು ಬೇಡಿಕೊಳ್ಳುತ್ತೇನೆ: ತಪ್ಪು ನನ್ನದೇ ಆಗಿರಲಿ, ಅವನದು ಸರಿಯಾಗಿರಲಿ. ಮುಗಿದ ಕೈ ನಡುಗುತ್ತದೆ. ನಡುಗಲಿ. ಅಳೆದಂತೂ ಅಳೆದಿದ್ದೇನೆ.