ಚೆನ್ನಾಗಿದ್ದೇನೆ ಎಂದು ಬರೆದ ಕೈದಿ

೨೦೨೧ರಲ್ಲಿ ವೀಸಾ ಸ್ಟ್ಯಾಂಪಿಂಗಿಗೆಂದು ಭಾರತಕ್ಕೆ ಹೋಗಿ ಮೈಸೂರಿನ ಮನೆಯಲ್ಲಿದ್ದ ನನ್ನ ಗಂಡ ಕೋವಿಡ್‌ನಿಂದಾಗಿ ಪ್ರಯಾಣ ನಿರ್ಬಂಧ ಬಂದು ಅಲ್ಲೇ ಸಿಕ್ಕಿಕೊಂಡರು. ಅಮೆರಿಕದ ಜರ್ಮನ್‌ಟೌನ್‌ನ ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬಳೇ ಇದ್ದೆ. ಹೊತ್ತು ಕಳೆಯಲೆಂದು ಗ್ರಂಥಾಲಯವೊಂದಕ್ಕೆ ಹಳೆಯ ಪತ್ರಗಳನ್ನು ಟೈಪ್ ಮಾಡಿಕೊಡುತ್ತಿದ್ದೆ. ಹದಿನೆಂಟನೇ ಶತಮಾನದ ಸ್ವಾತಂತ್ರ್ಯಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕದ ನಾವಿಕನೊಬ್ಬ ಇಂಗ್ಲೆಂಡಿನ ಸೆರೆಮನೆಯಿಂದ ಹೆಂಡತಿಗೆ ಬರೆದ ಪತ್ರಗಳವು. ತಾನು ಚೆನ್ನಾಗಿದ್ದೇನೆ, ಊಟಕ್ಕೆ ಕೊರತೆಯಿಲ್ಲ ಎಂದೇ ಪ್ರತಿಯೊಂದರಲ್ಲೂ ಇತ್ತು. ಕೊನೆಯದನ್ನು ಮಾತ್ರ ಜೊತೆಯ ಕೈದಿ ಬರೆದಿದ್ದ. ನಾವಿಕ ಜ್ವರದಲ್ಲಿ ನರಳುತ್ತಲೇ ಉಳಿದವನ್ನೆಲ್ಲ ಬರೆದು, ತೀರಿಕೊಂಡನೆಂದು ಅದರಲ್ಲಿತ್ತು.

ಕೆಲವು ದಿನಗಳಿಂದ ಇವರೂ “ಐ ಆಮ್ ಫೈನ್” ಎಂಬ ಮೆಸೇಜ್ ಬಿಟ್ಟು ಬೇರೇನೂ ಕಳಿಸಿರಲಿಲ್ಲ. ಕೂಡಲೇ ವಿಡಿಯೋ ಕಾಲ್ ಮಾಡಿದೆ. ತೆಗೆಯಲಿಲ್ಲ. ಮತ್ತೆ ಮತ್ತೆ ಮಾಡಿದ ಮೇಲೆ ನಾದಿನಿ ಎತ್ತಿದಳು.

“ಅವರ ಮುಖ ತೋರಿಸಮ್ಮ” ಎಂದೆ.

“ಅತ್ತಿಗೆ, ನಿಮಗೆ ಹೇಳ್ಬೇಡ ಅಂದಿದಾನೆ ಅಣ್ಣ” ಎನ್ನುತ್ತಾ ಅತ್ತುಬಿಟ್ಟಳು. ಆಮೇಲೆ ಫೋನನ್ನು ಅವರತ್ತ ತಿರುಗಿಸಿದಳು.

ಆಸ್ಪತ್ರೆಯ ಹಾಸಿಗೆಯಲ್ಲಿ, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಮಲಗಿದ್ದರು.

“ಒಬ್ಳೇ ಇದೀಯಾ, ಹೆದರ್ಕೋತೀಯ ಅಂತ...” ಎಂದರು.

“ಗೊತ್ತಿಲ್ದೇ ಇದ್ರೆ ಇನ್ನೂ ಹೆದರಿಕೆ ಕಣ್ರೀ. ಫೋನ್ ಕಟ್ ಮಾಡ್ಬೇಡಿ.”

ಅವರು ಫೋನನ್ನು ದಿಂಬಿನ ಮೇಲೆ ಇಟ್ಟುಕೊಂಡರು. ಮಾಸ್ಕಿನೊಳಗಿನ ಉಸಿರಿನ ಸದ್ದು ಎಲ್ಲಿ ನಿಂತುಹೋಗುತ್ತದೋ ಎಂದು ಕೇಳುತ್ತಿದ್ದೆ.

ಚಳಿಗಾಲ ಶುರುವಾಗುವಾಗ ಅವರು ವಾಪಸ್ಸು ಬಂದರು. ಏರ್‌ಪೋರ್ಟಿನಿಂದ ಕಾರಿನವರೆಗೆ ನಡೆಯುವಷ್ಟರಲ್ಲಿ ಎರಡು ಸಲ ನಿಂತು ಸುಧಾರಿಸಿಕೊಂಡರು.